ಒಳಲೆಯಷ್ಟು ಊಟ

ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಮತ್ತೆ ಒಳಲೆ ಹಿಡಿದೆ ಎಂದರೆ ನೀವು ನಗುತ್ತೀರಿ. ನಗಿ, ಬೇಸರವಿಲ್ಲ. ಒಳಲೆ ಗೊತ್ತಲ್ಲ, ಕೂಸುಗಳಿಗೆ ಹಾಲು ಕುಡಿಸುವ, ಒಂದು ಕಡೆ ಮೂತಿ ಚಾಚಿದ ಪುಟ್ಟ ಬಟ್ಟಲು. ಮೊನ್ನೆ ಪಾತ್ರೆಯ ಗೂಡು ಒರೆಸುವಾಗ ಅದು ಕೈಗೆ ಸಿಕ್ಕಿತು. ಮಗಳು ವೀಣಾ ಹುಟ್ಟಿದಾಗ ನನ್ನ ತವರಿನಿಂದ ಬಂದ ಬೆಳ್ಳಿಯ ಒಳಲೆ. ಅವಳು ಅದರಲ್ಲಿ ಕುಡಿದದ್ದಕ್ಕಿಂತ ಉಗುಳಿದ್ದೇ ಹೆಚ್ಚು. ಅದನ್ನು ನಿಷ್ಠೆಯಿಂದ ಬಳಸಿದವಳು ನಾನು, ಹೋದ ವರ್ಷ, ಆಪರೇಷನ್ ಆದ ಮೇಲೆ.

ಯಾವ ಆಪರೇಷನ್ ಎಂದು ಶಿಕಾರಿಪುರದಲ್ಲಿ ಯಾರನ್ನೇ ಕೇಳಿ, ಪಿತ್ತಕೋಶದ ಕಲ್ಲು ಎನ್ನುತ್ತಾರೆ. ಹಾಗೆಂದು ಊರ ತುಂಬ ಹೇಳಿದವಳು ನಾನೇ. ಕಲ್ಲು ಮರ್ಯಾದಸ್ಥರ ಕಾಯಿಲೆ. ಕಲ್ಲು ಬಂತು ಎಂದರೆ ಜನ ಅಯ್ಯೋ ಪಾಪ ಎಂದು ಎಳನೀರು ತರುತ್ತಾರೆ. ದಪ್ಪ ಇಳಿಸಲು ಹೊಟ್ಟೆಯನ್ನೇ ಕೊಯ್ಯಿಸಿಕೊಂಡೆ ಎಂದರೆ ಏನು ತರುತ್ತಾರೆ? ಮಂಡಿ ನೋವು, ಸಕ್ಕರೆ ಕಾಯಿಲೆ, ಬಿ.ಪಿ. ಮೂರೂ ನನ್ನಲ್ಲಿ ಒಟ್ಟಿಗೆ ಸಂಸಾರ ಹೂಡಿದ್ದವು. ತಾಳಗುಂದದ ಹತ್ತಿರ ನಾನು ಪಾಠ ಹೇಳುವ ಶಾಲೆಯಲ್ಲಿ ಮಕ್ಕಳ ಜೊತೆ ನೆಲಕ್ಕೆ ಕೂತರೆ ಏಳಲು ಇಬ್ಬರು ಟೀಚರುಗಳ ಕೈ ಬೇಕಾಗುತ್ತಿತ್ತು. ಕೊನೆಗೆ ದೊಡ್ಡ ಊರಿನ ಡಾಕ್ಟರೊಬ್ಬರು, "ಹೊಟ್ಟೆಯ ಮುಕ್ಕಾಲು ಪಾಲು ತೆಗೆದುಬಿಡ್ತೀವಿ, ಉಳಿಯೋದು ಒಂದು ಬಾಳೆಹಣ್ಣಿನಷ್ಟು" ಎಂದರು.

ನಮ್ಮವರದು ಬೀಜ-ಗೊಬ್ಬರದ ಅಂಗಡಿ. ಯಾವ ಮಾತಿಗೂ ತಳಿ ಕೇಳುವ ಅಭ್ಯಾಸ. "ಯಾವ ಬಾಳೆಹಣ್ಣು ಸಾರ್? ಪಚ್ಚಬಾಳೇನೋ ಪುಟ್ಟಬಾಳೇನೋ?" ಎಂದು ಗಂಭೀರವಾಗಿ ಕೇಳಿದರು. ಡಾಕ್ಟರು ನಗಲಿಲ್ಲ.

ಆಪರೇಷನ್ನಿನ ನೋವು ನನಗೆ ಅಷ್ಟು ನೆನಪಿಲ್ಲ. ನೆನಪಿರುವುದು ಮೊದಲ ಊಟ. ಊಟ ಎಂದರೆ ಬೇಳೆ ಕಟ್ಟಿನ ತಿಳಿ. ಅಷ್ಟು ಸಣ್ಣ ಅಳತೆಯ ಲೋಟ ನಮ್ಮ ಮನೆಯಲ್ಲಿ ಇರಲೇ ಇಲ್ಲ. ನಮ್ಮ ಮನೆಯ ಲೋಟಗಳೆಲ್ಲ ಮಜ್ಜಿಗೆ ಕುಡಿಯುವ ಲೋಟಗಳು. ವೀಣಾ ಹುಡುಕಿ ಹುಡುಕಿ ಒಳಲೆ ತಂದಳು. ಅದರಲ್ಲಿ ಅರ್ಧ ಕುಡಿದೆ, ಎದೆಗೂಡಿನ ಕೆಳಗೆ ಯಾರೋ ಬಾಗಿಲು ಹಾಕಿದಂತಾಯಿತು. ಅಷ್ಟೇ. ಇನ್ನು ಒಂದು ಗುಟುಕೂ ಒಳಗೆ ಹೋಗುವಂತಿಲ್ಲ. ನಾನು ಒಳಲೆಯನ್ನೇ ನೋಡಿದೆ, ಮಗಳ ಮುಖ ನೋಡಿದೆ, ದಿಗಿಲಾಗಿ ಅತ್ತುಬಿಟ್ಟೆ. ಹೊಟ್ಟೆ ತುಂಬಿತ್ತು, ಬಾಯಿ ಇನ್ನೂ ಊಟಕ್ಕೆ ಕೂತೇ ಇರಲಿಲ್ಲ!

ನನ್ನ ಬಾಯಿಯ ಚರಿತ್ರೆ ಸಾಮಾನ್ಯವಾದದ್ದಲ್ಲ ಸ್ವಾಮಿ. ಅಂಜನಾಪುರದ ಕಡೆಯ ಬೇಸಾಯದ ಮನೆ ನಮ್ಮದು. ಅಪ್ಪನಿಗೆ ನಾನು ಉಣ್ಣುವುದನ್ನು ನೆಂಟರಿಗೆ ತೋರಿಸುವುದೇ ಒಂದು ಹೆಮ್ಮೆ. ಬೇರೆಯವರ ಮಕ್ಕಳು ಬಂದವರ ಮುಂದೆ ಪದ್ಯ ಹೇಳುತ್ತಿದ್ದರು, ನಾನು ರೊಟ್ಟಿ ತಿನ್ನುತ್ತಿದ್ದೆ. "ನೋಡ್ರಿ, ನೋಡ್ರಿ, ಹುಡುಗಿ ಮುಖ ತಿರುಗಿಸಲ್ಲ" ಎಂದು ಅಪ್ಪ ಇನ್ನೊಂದು ಹಾಕಿಸುವನು. ಡ್ಯಾಮಿಗೆ ನೀರು ನೋಡಲು ಹೋದರೆ ಬುಟ್ಟಿಯ ತುಂಬ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಎಲ್ಲರೂ ನೀರು ನೋಡಿ ಹಿಂದಿರುಗುವಷ್ಟರಲ್ಲಿ ನಾನು ಬುಟ್ಟಿಯ ತಳ ನೋಡಿರುತ್ತಿದ್ದೆ. ಆ ಜಲಾಶಯ ಹೇಗಿದೆ ಎಂದು ಇವತ್ತಿಗೂ ನನ್ನನ್ನು ಕೇಳಬೇಡಿ.

ಅಷ್ಟೆಲ್ಲ ಉಂಡದ್ದು ನೆನಪಿದೆ. ಆದರೆ ಒಳಲೆ ಹಿಡಿದು ಮಲಗಿದ್ದ ಆ ದಿನಗಳಲ್ಲಿ ಒಂದು ಸಂಗತಿ ಹೊಳೆದು ಬೆಚ್ಚಿಬಿದ್ದೆ. ಅಪ್ಪನ ತಟ್ಟೆ ನೆನಪಿದೆ, ಅಂಚು ಮಡಿಸಿದ ಕಂಚಿನದು. ಅಣ್ಣನದು ನೆನಪಿದೆ. ನನ್ನದರ ಮೇಲೆ ಒಂದು ನವಿಲಿತ್ತು. ಅವ್ವನ ತಟ್ಟೆ? ಎಷ್ಟು ಯೋಚಿಸಿದರೂ ಕಣ್ಣಿಗೆ ಕಟ್ಟಲಿಲ್ಲ. ಅಣ್ಣನಿಗೆ ಫೋನು ಮಾಡಿ ಕೇಳಿದೆ. ಅವನು, "ಅವ್ವ ಪಾತ್ರೆಯಾಗೇ ಉಣ್ತಿದ್ಲಲ್ಲೇ" ಎಂದ. ಹೌದು, ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದ ಅನ್ನಕ್ಕೆ ಉಳಿದ ಸಾರು ಸುರಿದುಕೊಂಡು, ಒಲೆಯ ಕಡೆ ಮುಖ ಮಾಡಿ, ನಿಂತೋ ಕುಕ್ಕರಗಾಲಿನಲ್ಲೋ. ಅದನ್ನು ನಾವು ಊಟ ಎಂದು ಎಣಿಸಿಯೇ ಇರಲಿಲ್ಲ. ಪಾತ್ರೆ ತೊಳೆಯುವ ಮೊದಲಿನ ಕೆಲಸ ಎಂದುಕೊಂಡಿದ್ದೆವು.

ಮದುವೆಯಾಗಿ ಶಿಕಾರಿಪುರಕ್ಕೆ ಬಂದ ನಾನು ಮಾಡಿದ್ದೂ ಅದೇ. ನಮ್ಮವರಿಗೆ, ಮಗಳಿಗೆ, ಬಂದುಹೋಗುವವರಿಗೆ ಬಡಿಸುವುದು, ಆಮೇಲೆ ಉಳಿದದ್ದನ್ನು ಹಾಳಾಗಬಾರದು ಎಂದು ಮುಗಿಸುವುದು. ಅರ್ಧ ರೊಟ್ಟಿ, ಎರಡು ಸೌಟು ಸಾರು, ಮಗಳು ಬೇಡವೆಂದ ಉಪ್ಪಿಟ್ಟು, ಯಾರೂ ಕೇಳದ ನಿನ್ನೆಯ ಪಲ್ಯ. ಆಪರೇಷನ್ ಆಗಿ ಮತ್ತೆ ಅಡುಗೆಗೆ ಇಳಿದ ಮೇಲೆ ಫ್ರಿಜ್ಜಿನಲ್ಲಿ ಡಬ್ಬಿಗಳು ಏರತೊಡಗಿದವು. ಬಾಗಿಲು ಹಾಕಲಿಕ್ಕೂ ಜಾಗವಿಲ್ಲ. ನಮ್ಮವರಿಗೆ ಗಾಬರಿ.

"ಏನೇ ಇದು, ಇಷ್ಟೊಂದು ಉಳೀತತಲ್ಲ? ನಿನ್ನ ಅಳತೆ ತಪ್ಪೇತಿ."

"ಅಳತೆ ಅದೇ ಐತ್ರಿ. ಉಣ್ಣಾಕಿ ತಪ್ಪ್ಯಾಳ" ಎಂದೆ.

ಅವರು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತರು. ಒಂದೊಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಇಷ್ಟು ವರ್ಷ ಇದೆಲ್ಲ ಎಲ್ಲಿ ಹೋಗುತ್ತಿತ್ತು ಎಂಬುದು ಅವರಿಗೆ ಆಗ ಗೊತ್ತಾಯಿತು. ನಿಜ ಹೇಳಬೇಕೆಂದರೆ ನನಗೂ ಆಗಲೇ ಗೊತ್ತಾದದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶಾಲೆಯ ಬಿಸಿಯೂಟದ ಫಜೀತಿ ಇನ್ನೊಂದು. ಮಕ್ಕಳಿಗೆ ಬಡಿಸುವ ಮೊದಲು ಟೀಚರು ರುಚಿ ನೋಡಬೇಕು ಎಂಬ ನಿಯಮವುಂಟು. ಆ ಕೆಲಸ ನನಗೆ ಯಾರೂ ಒಪ್ಪಿಸಿರಲಿಲ್ಲ, ನಾನಾಗಿಯೇ ವಹಿಸಿಕೊಂಡಿದ್ದೆ. ಮೊದಲೆಲ್ಲ ಉಪ್ಪು ಸರಿಯಿದೆಯೇ ಎಂದು ತೀರ್ಮಾನಿಸಲು ನನಗೆ ಒಂದು ತಟ್ಟೆ ಅನ್ನ ಸಾಂಬಾರು ಬೇಕಾಗುತ್ತಿತ್ತು. ಈಗ ಎರಡು ಚಮಚದಲ್ಲಿ ರುಚಿಯೂ ಮುಗಿಯಿತು, ಮಧ್ಯಾಹ್ನದ ಊಟವೂ ಮುಗಿಯಿತು. ಮಿಕ್ಕ ಹೊತ್ತು ಏನು ಮಾಡಬೇಕೆಂದು ತಿಳಿಯದೆ ಬಾವಿಕಟ್ಟೆಯ ಹತ್ತಿರ ಸುಮ್ಮನೆ ನಿಂತಿರುತ್ತೇನೆ. ಊಟ ನನ್ನ ಆಯುಷ್ಯದ ಎಷ್ಟು ಸಮಯ ತಿಂದಿತ್ತು ಎಂದು ಆಗಾಗ ದಂಗಾಗುತ್ತೇನೆ.

ಇಷ್ಟೆಲ್ಲ ಹೇಗೋ ಸಂಭಾಳಿಸಿದೆ. ಸಿಕ್ಕಿಬಿದ್ದದ್ದು ಸೊರಬದಲ್ಲಿ.

ವೀಣಾ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸೊರಬದ ಕಡೆಯ ಒಂದು ಮನೆಯಿಂದ ಸಂಬಂಧ ಬಂತು. ಹುಡುಗ ಶುಂಠಿ, ಅನಾನಸು ಬೆಳೆಯುತ್ತಾನೆ, ಮಾತು ಕಡಿಮೆ, ನಗು ಹೆಚ್ಚು. ಹುಡುಗನೂ ಅವನ ತಂದೆಯೂ ಬಂದು ಹುಡುಗಿಯನ್ನು ನೋಡಿ ಚಹಾ ಕುಡಿದು ಹೋದರು. ಆಮೇಲೆ ಇವರಿಬ್ಬರೂ ಫೋನಿನಲ್ಲಿ ಮಾತಾಡಿದ್ದೇ ಮಾತಾಡಿದ್ದು. ನನ್ನ ಮಗಳು ರಕ್ತದ ಸ್ಯಾಂಪಲ್ಲು ಬಿಟ್ಟರೆ ಬೇರೆ ಯಾವುದರಲ್ಲೂ ಅಷ್ಟು ಆಸಕ್ತಿ ತೋರಿಸಿದ್ದನ್ನು ನಾನು ಕಂಡಿರಲಿಲ್ಲ. ಇನ್ನು ನಾವು ಹೋಗಿ ಹುಡುಗನ ಮನೆ ನೋಡಿ ಬರಬೇಕು. ನಮ್ಮ ಕಡೆ ಮನೆ ನೋಡಲು ಹೋದವರು ಬಾಯಿಬಿಟ್ಟು ಒಪ್ಪಿಗೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳುವುದಿಲ್ಲ. ಒಪ್ಪಿದರೆ ಕೂತು ಸಿಹಿಯೂಟ ಉಣ್ಣಬೇಕು, ಒಪ್ಪದಿದ್ದರೆ ಏನಾದರೂ ನೆವ ಹೇಳಿ ಬರೀ ಚಹಾ ಕುಡಿದು ಏಳಬೇಕು. ಅದರಲ್ಲೂ ಎಲ್ಲರ ಕಣ್ಣಿರುವುದು ಹುಡುಗಿಯ ತಾಯಿಯ ಎಲೆಯ ಮೇಲೆ.

ಈಗ ತಿಳಿಯಿತಲ್ಲ ನನ್ನ ಪಾಡು. ಆಪರೇಷನ್ ವಿಷಯ ಮೊದಲೇ ಹೇಳಿಬಿಡೋಣವೆಂದರೆ, ಊರಿಗೆಲ್ಲ ಕಲ್ಲು ಎಂದವಳು ಬೀಗರಾಗುವವರಿಗೆ ಮಾತ್ರ ಬೇರೆ ಹೇಳಲೇ? ತಾಯಿಗೆ ಹೀಗಾದರೆ ಮಗಳಿಗೂ ಆಗುತ್ತದೆಯೋ ಏನೋ ಎಂದು ಅವರು ಹಿಂದೆ ಸರಿದರೆ? ಹೊರಡುವಾಗ ವೀಣಾ ಗೇಟಿನವರೆಗೂ ಬಂದಳು. "ಅವ್ವಾ, ಹೆಂಗಾರ ಮಾಡಿ ಒಂದು ಹೋಳಿಗೆ ಮುಗಿಸ್ಬಿಡು" ಎಂದಳು. ಆಪರೇಷನ್ ಆದಂದಿನಿಂದ ಇಷ್ಟಿಷ್ಟೇ ತಿನ್ನು ಎಂದು ಬೆನ್ನು ಹತ್ತಿದ್ದ ಹುಡುಗಿ! ಅವಳ ಕಣ್ಣು ನೋಡಿ, ಹೊಟ್ಟೆಯ ಮೇಲೆ, ಅಂದರೆ ಉಳಿದಷ್ಟು ಹೊಟ್ಟೆಯ ಮೇಲೆ, ಕೈಯಿಟ್ಟು ಆಗಲಿ ಎಂದೆ.

ಶಿರಾಳಕೊಪ್ಪ ದಾಟುವವರೆಗೂ ರಸ್ತೆಯ ಪಕ್ಕದ ಜೋಳದ ಹೊಲಗಳನ್ನು ನೋಡುತ್ತಾ ಲೆಕ್ಕಾಚಾರ ಹಾಕಿದೆ. ಬೆಳಗಿನಿಂದ ಉಪವಾಸವಿದ್ದೆ. ನೀರನ್ನೂ ಕುಡಿದಿರಲಿಲ್ಲ. ಹೋಳಿಗೆಯನ್ನು ಚೂರು ಚೂರು ಮಾಡಿ ಎಲೆಯ ತುಂಬ ಹರಡಿದರೆ ಉಂಡಂತೆ ಕಾಣುತ್ತದೆ ಎಂದು ನಮ್ಮವರು ಉಪಾಯ ಹೇಳಿದರು. ಗೊಬ್ಬರ ಎರಚುವ ಲೆಕ್ಕ ಅದು.

ಮನೆ ಚೆನ್ನಾಗಿತ್ತು. ಹೊಸದಾಗಿ ಟೈಲ್ಸ್ ಹಾಕಿಸಿದ ನಡುಮನೆ, ಅದರ ಪಕ್ಕಕ್ಕೆ ಅಡುಗೆಮನೆ, ಹಿಂದೆ ಹಿತ್ತಲು. ಹುಡುಗನ ತಂದೆ ಕೈಮುಗಿದು ಒಳಗೆ ಕರೆದರು. ಹುಡುಗನ ತಾಯಿ ಗಿರಿಜಕ್ಕ ಕಾಲಿಗೆ ನೀರು ಕೊಟ್ಟು, ಒಂದು ನಗು ನಕ್ಕು, ಅಡುಗೆಮನೆಗೆ ಹೋದವರು ಮತ್ತೆ ಬರಲೇ ಇಲ್ಲ. ಮಾತು, ಉಪಚಾರ ಎಲ್ಲ ಹುಡುಗನ ಅಜ್ಜಿಯದು. ಆ ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಎಂತಕ್ಕೆ ತಂಗಿ ಇಷ್ಟು ಇಳಿದು ಹೋಗೀದಿ? ಎರಡು ವರ್ಷದ ಹಿಂದೆ ಶಿರಾಳಕೊಪ್ಪದ ಮದುವೇಲಿ ನಿನ್ನ ನೋಡಿದ್ದೆ ನಾನು. ಎದುರು ಪಂಕ್ತೀಲೆ ಕೂತಿದ್ದೆ. ಹೋಳಿಗೆ ಮೇಲೆ ಹೋಳಿಗೆ ಹಾಕಿಸ್ಕೊಂಡು ಉಂಡಿದ್ದಿ. ಉಂಡರೆ ಹಂಗೆ ಉಣ್ಣಬೇಕು ಅಂತ ಮನೆಗೆ ಬಂದು ಹೇಳಿದ್ದೆ ಮಾರಾಯ್ತಿ!" ಎಂದರು.

ನನ್ನ ಜೀವ ಅಲ್ಲೇ ಅರ್ಧ ಹೋಯಿತು. ನನ್ನ ಕೀರ್ತಿ ಹೊಳೆ ದಾಟಿ ಇಲ್ಲಿಯವರೆಗೂ ಬಂದಿತ್ತು.

ಎಲೆ ಹಾಕಿದರು. ನೀರು ಚಿಮುಕಿಸಿದೆವು. ಕೋಸಂಬರಿ, ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಚಿತ್ರಾನ್ನ, ಮೇಲೆ ಎರಡು ಹೋಳಿಗೆ, ಮೇಲೆ ತುಪ್ಪ. ಅಜ್ಜಿ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ನಾನು ಬೇರೆಯದನ್ನೆಲ್ಲ ಬಿಟ್ಟು ಹೋಳಿಗೆಗೇ ಕೈ ಹಾಕಿದೆ. ನಿಧಾನಕ್ಕೆ ಅಗಿಯಬೇಕು, ಸಿಹಿ ಮುಟ್ಟಬಾರದು, ತುಪ್ಪ ಮುಟ್ಟಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದೆಲ್ಲ ಕಿವಿಯಲ್ಲಿತ್ತು. ಆದರೆ ಅಜ್ಜಿಯ ಕಣ್ಣು ನನ್ನ ಬೆರಳ ಮೇಲಿತ್ತು. ಮಗಳು ಗೇಟಿನಲ್ಲಿ ನಿಂತದ್ದು ಕಣ್ಣ ಮುಂದೆಯೇ ಇತ್ತು. ಅವಸರದಲ್ಲಿ ಅರ್ಧ ಹೋಳಿಗೆ ನುಂಗಿಬಿಟ್ಟೆ.

ಮೊದಲು ಕೈ ತಣ್ಣಗಾಯಿತು. ಆಮೇಲೆ ಕುತ್ತಿಗೆಯಿಂದ ಬೆವರು ಇಳಿಯಿತು. ಎದೆ ಹೊಡೆದುಕೊಳ್ಳುವ ಸದ್ದು ಪಕ್ಕದಲ್ಲಿ ಕೂತ ನಮ್ಮವರಿಗೂ ಕೇಳಿಸುತ್ತದೆಯೇನೋ ಎನ್ನಿಸಿತು. ಅನ್ನಕ್ಕೆ ಇನ್ನೂ ಸಾರು ಬಂದಿರಲಿಲ್ಲ, ನಾನು ಪಂಕ್ತಿಯಿಂದ ಎದ್ದುಬಿಟ್ಟೆ. ಎಲ್ಲರೂ ಉಣ್ಣುತ್ತಿರುವಾಗ ಅರ್ಧಕ್ಕೆ ಎದ್ದೆ! ನಮ್ಮ ಕಡೆ ಜಗಳವಾದ ಮನೆಯಲ್ಲೂ ಯಾರೂ ಹಾಗೆ ಏಳುವುದಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿ ಉಸಿರಾಡಿದೆ.

ಸ್ವಲ್ಪ ಸುಧಾರಿಸಿಕೊಂಡು ಬರುವಷ್ಟರಲ್ಲಿ ಊಟ ಮುಗಿದಿತ್ತು. ನಾವು ಬಂದಾಗ ದೇವರ ಗೂಡಿನ ಮುಂದೆ ಒಂದು ತಟ್ಟೆ ಇದ್ದದ್ದನ್ನು ನೋಡಿದ್ದೆ. ಸಂಬಂಧ ಕುದುರಿದರೆ ನನಗೆ ಉಡಿ ತುಂಬಲೆಂದು ಇಟ್ಟಿದ್ದ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ರವಿಕೆ ಕಣ. ಈಗ ಅದು ಅಲ್ಲಿರಲಿಲ್ಲ. ಒಳಗೆ ಹೋಗಿತ್ತು. ಅದರ ಬದಲು ಟೀಪಾಯಿಯ ಮೇಲೆ ಬರೀ ಎಲೆ ಅಡಿಕೆ, ಹೋಗಿ ಬನ್ನಿ ಎನ್ನುವಷ್ಟು. ನಮ್ಮವರು ನೆಲ ನೋಡುತ್ತಿದ್ದರು. ಹುಡುಗ ಬಾಗಿಲಲ್ಲಿ ನಿಂತಿದ್ದ, ಅವನ ನಗು ಮುಖದ ಮೇಲಿಂದ ಎಲ್ಲೋ ಹೋಗಿತ್ತು.

"ಮನಸ್ಸಿಗೆ ಬರಲಿಲ್ಲ ಅಂದ್ರೆ ಬ್ಯಾಡ ತಂಗಿ, ಯಾರೂ ಬಲವಂತ ಮಾಡಾದಿಲ್ಲ. ಯಾರ‍್ಯಾರದೋ ಮದುವೇಲಿ ಅಷ್ಟು ಉಂಡಾಕೆ ನಮ್ಮನೆ ಅನ್ನ ತುಳಿದು ಎದ್ದು ಹೋಗೋದು ಬೇಕಿತ್ತಾ?" ಅಜ್ಜಿಯ ದನಿ ನಡುಗುತ್ತಿತ್ತು. ಸಿಟ್ಟಿಗಲ್ಲ, ಅವಮಾನಕ್ಕೆ.

ಮರ್ಯಾದೆಯ ಕಲ್ಲು, ಮುಚ್ಚುಮರೆ ಎಲ್ಲ ಅಲ್ಲೇ ಬಿತ್ತು.

"ಅಜ್ಜಿ, ನನ್ನ ಹೊಟ್ಟೆ ಆಪರೇಷನ್ ಆಗೇತಿ. ಮುಕ್ಕಾಲು ಹೊಟ್ಟೆ ತೆಗೆದಾರ. ನನಗೆ ಉಣ್ಣಾಕೆ ಆಗಾದಿಲ್ರಿ."

"ಅಯ್ಯೋ ಶಿವನೆ! ಗಡ್ಡೆನಾ?"

"ಅಲ್ಲ. ದಪ್ಪ ಆಗಿದ್ದೆ ಅಂತ. ನಾನೇ ಹೋಗಿ ತೆಗೆಸಿಕೊಂಡೆ."

ಅಜ್ಜಿ ಬಾಯಿ ಬಿಟ್ಟುಕೊಂಡು ಮಗನನ್ನು ನೋಡಿದರು, ಮೊಮ್ಮಗನನ್ನು ನೋಡಿದರು, ಕೊನೆಗೆ ನಮ್ಮವರನ್ನು ನೋಡಿದರು. "ಎಂತ ಹೇಳ್ತಾಳೆ ಇವಳು? ಉಣ್ಣಾಕೆ ಇಲ್ಲದ ಕಾಲದಾಗೆ ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗೀವಿ ನಾವು. ಉಣ್ಣಾಕೆ ಇದ್ದೂ ಹೊಟ್ಟೇನೆ ಕೊಯ್ಸಿಕೊಂಡ್ರಾ?" ಅವರ ಗಾಬರಿ ಎಷ್ಟು ನಿಜವಾಗಿತ್ತೆಂದರೆ ನನಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ಆಗ ಅಜ್ಜಿ ದನಿ ತಗ್ಗಿಸಿ, ನಾನು ಯಾವುದಕ್ಕೆ ಹೆದರಿದ್ದೆನೋ ಅದನ್ನೇ ಕೇಳಿದರು. "ಇದು ನಿಮ್ಮ ವಂಶದಾಗೆ ಬಂದದ್ದಾ ತಂಗಿ? ಹುಡುಗಿಗೂ ಬರ‍್ತತಾ?"

ಮುಖ ತಿರುಗಿಸಿದೆ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಟ್ಟೆಯ ಕಡೆ ಮುಖ ಮಾಡಿ ಒಬ್ಬ ಹೆಂಗಸು ನಿಂತಿದ್ದಳು. ಅಗಲವಾದ ಬೆನ್ನು, ರವಿಕೆಯ ತೋಳು ಬಿಗಿದು ಗೆರೆ ಬಿದ್ದಿತ್ತು, ಒಂದು ಮಂಡಿ ನೋಯುತ್ತದೆಂದು ಭಾರವನ್ನೆಲ್ಲ ಇನ್ನೊಂದು ಕಾಲಿಗೆ ಬಿಟ್ಟಿದ್ದಳು. ಅದು ನಾನು. ಹೋದ ವರ್ಷದ ನಾನು, ಕನ್ನಡಿಯಲ್ಲಿ ಎಂದೂ ನೋಡಿರದ ನನ್ನ ಬೆನ್ನು.

ಗಿರಿಜಕ್ಕ ಪಾತ್ರೆಯಲ್ಲಿ ಉಣ್ಣುತ್ತಿದ್ದರು. ತಳದ ಚಿತ್ರಾನ್ನಕ್ಕೆ ಆರಿದ ಸಾರು ಸುರಿದುಕೊಂಡು ಬೇಗ ಬೇಗ, ಕಳ್ಳತನ ಮಾಡುವವರಂತೆ.

"ಬರ‍್ತತಿ ಅಜ್ಜಿ. ಆದ್ರೆ ವಂಶದಿಂದ ಅಲ್ಲ, ಅಡುಗೆಮನೆಯಿಂದ ಬರ‍್ತತಿ. ಎಲ್ಲರೂ ಉಂಡ ಮೇಲೆ ಉಳಿದದ್ದೆಲ್ಲ ಒಬ್ಬಾಕಿ ಹೊಟ್ಟೆಗೆ ಹೋಗಬೇಕು ಅಂತ ಐತಲ್ಲ, ಅಲ್ಲಿಂದ ಬರ‍್ತತಿ" ಎಂದೆ. ಇಷ್ಟು ದೊಡ್ಡ ಮಾತು ನನ್ನ ಬಾಯಿಯಿಂದ ಹೇಗೆ ಬಂತೋ ಗೊತ್ತಿಲ್ಲ. ಆಡಿದ ಮೇಲೆ ನಾನೇ ದಂಗಾದೆ. ಸಂಬಂಧ ಮುಗಿಯಿತು, ಮಗಳಿಗೆ ಏನು ಹೇಳಲಿ ಎಂದುಕೊಂಡೇ ಅಡುಗೆಮನೆಗೆ ಹೋಗಿ ಗಿರಿಜಕ್ಕನ ಕೈಯಿಂದ ಪಾತ್ರೆ ತೆಗೆದಿಟ್ಟೆ.

"ಅಯ್ಯೋ, ಎಂತ ಮಾಡ್ತೀರಿ, ಬಿಡಿ" ಎಂದು ಅವರು ಬಾಯಿ ಒರೆಸಿಕೊಂಡರು. ಸಿಕ್ಕಿಬಿದ್ದ ಹುಡುಗಿಯ ಮುಖ. ಕೈ ಹಿಡಿದು ನಡುಮನೆಗೆ ಕರೆತಂದು, ನಾನು ಎದ್ದುಹೋದ ಜಾಗದಲ್ಲಿ ಹೊಸ ಎಲೆ ಹಾಕಿ ಕೂರಿಸಿದೆ. ಅತ್ತೆಯ ಎದುರು, ಗಂಡನ ಎದುರು ಕೂತು ಉಣ್ಣುವುದಕ್ಕೆ ಅವರ ಕೈ ಬರಲೊಲ್ಲದು. ನಾನೇ ಒಂದು ಹೋಳಿಗೆ ಹಾಕಿದೆ. ತಣ್ಣಗಾಗಿತ್ತು. ತಲೆ ತಗ್ಗಿಸಿಕೊಂಡು ಉಂಡರು. ಇನ್ನೊಂದು ಹಾಕಲು ಹೋದೆ. "ಸಾಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ನಮ್ಮ ಕಡೆ ಸಾಕು ಎಂಬ ಮಾತನ್ನು ಮೊದಲ ಸಲಕ್ಕೆ ಯಾರೂ ನಂಬುವುದಿಲ್ಲ. ಅಪ್ಪ ನಂಬಿದವನಲ್ಲ, ನಾನು ನಂಬಿದವಳಲ್ಲ, ಎಷ್ಟೋ ನೆಂಟರ ಎಲೆಗಳಿಗೆ ಕೈಯ ಸಂದಿಯಿಂದಲೇ ಹೋಳಿಗೆ ಜಾರಿಸಿದ್ದೇನೆ. ಆದರೆ ಒಂದು ವರ್ಷದಿಂದ ಸಾಕು ಸಾಕು ಎಂದು ಗೋಗರೆದವಳು ನಾನು. ನಂಬಿದೆ. ಹೋಳಿಗೆಯನ್ನು ಹಿಂದಕ್ಕೆ ತೆಗೆದೆ.

ಗಿರಿಜಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ಖಾಲಿ ಎಲೆ ನೋಡಿದರು. ಅಡ್ಡ ಹಿಡಿದ ಕೈಯನ್ನು ಮೆಲ್ಲಗೆ ಸರಿಸಿದರು.

"ಇಲ್ಲ, ಸುಳ್ಳು ಹೇಳಿದೆ" ಎಂದರು. "ನಂಗೆ ಇನ್ನೊಂದು ಬೇಕು. ಬಿಸೀದು. ಈ ಮನೆಗೆ ಬಂದ ಮೇಲೆ ಹಂಚಿನ ಮ್ಯಾಲಿಂದ ಇಳಿದ ಹೋಳಿಗೆ ನಾನು ಉಂಡೇ ಇಲ್ಲ."

ಹುಡುಗ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ತಾಯಿಯನ್ನೇ ನೋಡಿದ, ಅವರ ದನಿಯನ್ನು ಆಗಷ್ಟೇ ಕೇಳಿದವನಂತೆ. ಅಜ್ಜಿ ಕುರ್ಚಿಯಿಂದ ಎದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಒಲೆ ಹೊತ್ತಿಸಿದ ಸದ್ದು, ಹಂಚು ಇಟ್ಟ ಸದ್ದು ಕೇಳಿಸಿತು. ಒಳಗಿನಿಂದಲೇ, "ನಾನೂ ಉಂಡಿಲ್ಲ ಕಣೆ ಗಿರಿಜಾ. ನನಗೂ ಯಾರೂ ಹಾಕಲಿಲ್ಲ" ಎಂದರು.

ಆಮೇಲೆ ಉಡಿಯ ತಟ್ಟೆ ಹೊರಗೆ ಬಂತಂತೆ, ಅಜ್ಜಿಯೇ ತಂದು ನನ್ನ ಮಡಿಲಿಗೆ ಹಾಕಿದರಂತೆ. ನಮ್ಮವರು ದಾರಿಯುದ್ದಕ್ಕೂ ಮಗಳಿಗೆ ಫೋನಿನಲ್ಲಿ ಅದನ್ನೇ ಹೇಳಿದರು. ನನಗೆ ಅದು ಸರಿಯಾಗಿ ನೆನಪಿಲ್ಲ. ಗಿರಿಜಕ್ಕ ಹಬೆಯಾಡುವ ಹೋಳಿಗೆಯನ್ನು ಮುರಿದು, ಬೆರಳು ಸುಟ್ಟುಕೊಂಡು, ಊದಿ ಊದಿ ಬಾಯಿಗಿಟ್ಟು ಕಣ್ಣು ಮುಚ್ಚಿದರಲ್ಲ, ನಾನು ಅದನ್ನು ನೋಡುತ್ತಾ ಕೂತಿದ್ದೆ.